ಈಜು ಬಲ್ಲವರಿಗೆ ಉತ್ತರ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಹೊಳೆಗಳಲ್ಲಿ ಕಯಾಕ್ ಇಳಿಸುವವರು ಲೈಫ್ ಜಾಕೆಟ್ ಕಟ್ಟಿಕೊಳ್ಳದೆ ನೀರಿಗೆ ಹೋಗಬಾರದು, ಬಾಡಿಗೆಗೆ ಕೊಡುವವರು ಜಾಕೆಟ್ ಕಟ್ಟಿಸದೆ ಹುಟ್ಟನ್ನು ಕೈಗೆ ಕೊಡಬಾರದು. ನಾವು ಕೆಲವರು ಹೇಳಿದ್ದು ಇಷ್ಟೇ. ಇಷ್ಟಕ್ಕೆ ಬಂದ ಆಕ್ಷೇಪಗಳಲ್ಲಿ ಕೆಲವು ಬರಿಯ ಬೈಗುಳ, ಅವಕ್ಕೆ ಉತ್ತರ ಬೇಕಾಗಿಲ್ಲ. ಉಳಿದವು ಹೊಳೆಬದಿಯಲ್ಲೇ ಹುಟ್ಟಿ ಬೆಳೆದವರು ಯೋಚಿಸಿ ಆಡಿದ ಮಾತು. ನೀರಿನ ಬಗ್ಗೆ ಅವರಿಗೆ ಗೊತ್ತಿರುವುದು ಕಡಿಮೆಯೇನಲ್ಲ. ಅದಕ್ಕೇ ಉತ್ತರಿಸುವುದು ನನ್ನ ಕೆಲಸ ಅಂದುಕೊಂಡಿದ್ದೇನೆ.

ಮೊದಲು ಬಂದ ಮಾತು ಇದು: “ಇದೆಲ್ಲ ತಣ್ಣೀರಿನ ದೇಶದವರ ಪಾಠ. ನಮ್ಮ ನೇತ್ರಾವತಿ ಬೆಚ್ಚಗಿದ್ದಾಳೆ.”

ಅರ್ಧ ನಿಜ. ಕಯಾಕಿಂಗ್ ಬಗ್ಗೆ ಸಿಗುವ ಪುಸ್ತಕ, ವಿಡಿಯೊಗಳಲ್ಲಿ ಬಹುಪಾಲು ಬ್ರಿಟನ್, ಕೆನಡಾ, ಅಮೆರಿಕದವು. ಅಲ್ಲಿನ ಭಯವೇ ಬೇರೆ. 15 ಡಿಗ್ರಿಗಿಂತ ತಣ್ಣಗಿರುವ ನೀರಿಗೆ ಒಮ್ಮೆಲೇ ಬಿದ್ದ ಮೈ, ಒಡೆಯನ ಅಪ್ಪಣೆ ಕೇಳದೆ, ಒಂದು ದೊಡ್ಡ ಉಸಿರೆಳೆದುಕೊಳ್ಳುತ್ತದೆ. ಆ ಕ್ಷಣ ಬಾಯಿ ನೀರಿನೊಳಗಿದ್ದರೆ ಒಳಗೆ ಹೋಗುವುದು ನೀರೇ. ಆಮೇಲೆ ಒಂದೆರಡು ನಿಮಿಷ ಹತೋಟಿಗೆ ಸಿಗದ ಏದುಸಿರು, ಏರಿದ ಎದೆಬಡಿತ. ಅದನ್ನು ದಾಟಿದರೂ ಕೈಕಾಲು ಮರಗಟ್ಟಿ ಈಜುವುದು ನಿಲ್ಲುತ್ತದೆ. ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಹಿಮದಂತಹ ನೀರಿಗೆ ಬಿದ್ದವರಿಗೆಂದು ಮೂರು ಅಂಕಿಗಳನ್ನು ಹೇಳಿಕೊಡುತ್ತಾರೆ: ಉಸಿರನ್ನು ಹಿಡಿತಕ್ಕೆ ತರಲು 1 ನಿಮಿಷ, ಕೈಕಾಲು ಮಾತು ಕೇಳುವುದು ಇನ್ನು 10 ನಿಮಿಷ, ಮೈ ತಣಿದು ಎಚ್ಚರ ತಪ್ಪುವುದಕ್ಕೆ 1 ಗಂಟೆ. ಬ್ರಿಟನ್ನಿನ ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯದ ಮೈಕ್ ಟಿಪ್ಟನ್ ದಶಕಗಳಿಂದ ಹೇಳುತ್ತ ಬಂದಿರುವುದೂ ಅದೇ ದಾರಿಯ ಮಾತು. ಚಳಿಗೆ ಮೈ ಹೆಪ್ಪುಗಟ್ಟುವ ತನಕ ಕಾಯುವ ಪುರುಸೊತ್ತು ನೀರಿಗಿಲ್ಲ, ಹೋಗುವವರು ಮೊದಲ ನಿಮಿಷಗಳಲ್ಲೇ ಹೋಗುತ್ತಾರೆ.

ನಮ್ಮಲ್ಲಿ ಹೊಳೆಯ ನೀರು ಮಳೆಗಾಲದಲ್ಲಿ 25 ಡಿಗ್ರಿಯ ಆಸುಪಾಸು, ಬೇಸಿಗೆಯಲ್ಲಿ 30ರ ಹತ್ತಿರ. ಕತ್ತಿನ ತನಕ ಮುಚ್ಚುವ ಡ್ರೈಸೂಟ್ ತೊಟ್ಟು ಮೇ ತಿಂಗಳ ಮಧ್ಯಾಹ್ನ ಪಾಣೆಮಂಗಳೂರಿನಲ್ಲಿ ಹುಟ್ಟು ಹಾಕಿದವನು ನೀರಿಗೆ ಬೀಳುವ ಮೊದಲೇ ಸೆಖೆಗೆ ಬೀಳುತ್ತಾನೆ. ಅದು ಬೇಡ, ದಪ್ಪ ವೆಟ್‌ಸೂಟೂ ಬೇಡ. ಇಲ್ಲಿಯ ತನಕ ಆಕ್ಷೇಪಿಸಿದವರಿಗೂ ನನಗೂ ಜಗಳವಿಲ್ಲ.

ಜಗಳ ಇರುವುದು ಅದರ ಮುಂದಿನ ಹೆಜ್ಜೆಯಲ್ಲಿ. ನೀರು ಬೆಚ್ಚಗಿದೆ, ಹಾಗಾಗಿ ಜಾಕೆಟ್ ಬೇಡ ಅನ್ನುತ್ತಾರಲ್ಲ, ಅಲ್ಲಿ. ತಣ್ಣೀರು ಮಾಡುವ ಕೆಲಸವಾದರೂ ಏನು? ಬಿದ್ದವನ ಮೊದಲ ನಿಮಿಷವನ್ನು ಕಿತ್ತುಕೊಳ್ಳುವುದು. ಅದನ್ನು ಕಿತ್ತುಕೊಳ್ಳಲು ನಮ್ಮ ಹೊಳೆಗಳಿಗೆ ಚಳಿಯೇ ಬೇಕೆಂದಿಲ್ಲ. ಮಗುಚಿದ ಕಯಾಕಿನ ಅಂಚು ಹಣೆಗೆ ಬಡಿದರೆ ಸಾಕು. ಮೂಗಿಗೆ ನೀರು ಹತ್ತಿ ಕೆಮ್ಮು ಬಂದರೆ ಸಾಕು. ನೀರಿನಡಿಯ ಪಾದೆಗೆ ಮೊಣಕಾಲು ತಾಗಿದರೆ, ನೆರೆಗೆ ತೇಲಿಬಂದು ನಿಂತ ಮರದ ಗೆಲ್ಲಿಗೆ ಅಂಗಿ ಸಿಕ್ಕಿಕೊಂಡರೆ, ಅಥವಾ ಬರಿಯ ಗಾಬರಿಯಾದರೂ ಸಾಕು. ಮುಳುಗುತ್ತಿರುವವನು ನೀರಿನ ಮೇಲ್ಮೈಯಲ್ಲಿ ಒದ್ದಾಡುವುದು 20ರಿಂದ 60 ಸೆಕೆಂಡು ಮಾತ್ರ. ಸಿನಿಮಾದಲ್ಲಿ ತೋರಿಸುವ ಹಾಗೆ ಅವನು ಬೊಬ್ಬೆ ಹಾಕುವುದಿಲ್ಲ, ಕೈ ಬೀಸುವುದಿಲ್ಲ. ಉಸಿರಿಗೆ ಪರದಾಡುವ ಬಾಯಿ ಕೂಗಲಾರದು, ನೀರನ್ನು ಕೆಳಕ್ಕೆ ಒತ್ತುತ್ತಿರುವ ಕೈ ಮೇಲೇಳಲಾರದು. ಹತ್ತು ಮಾರು ದೂರದಲ್ಲಿ ಕೂತು ಚರುಮುರಿ ತಿನ್ನುತ್ತಿರುವವರಿಗೂ ಅದು ಆಟದ ಹಾಗೆಯೇ ಕಂಡೀತು.

ಇನ್ನು “ಬೆಚ್ಚಗಿದೆ” ಅನ್ನುವುದೂ ಕೈಯದ್ದಿ ನೋಡಿದವರ ಲೆಕ್ಕ. ಮೈಯ ಬಿಸಿ 37 ಡಿಗ್ರಿ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಆ ಬಿಸಿಯನ್ನು ಎಳೆದುಕೊಳ್ಳುತ್ತದೆ. ಆಟಿಯ ಗಾಳಿಮಳೆಯಲ್ಲಿ ಹತ್ತಿಯ ಅಂಗಿ, ಜೀನ್ಸ್ ಪ್ಯಾಂಟು ಹಾಕಿಕೊಂಡು ಎರಡು ಗಂಟೆ ಒದ್ದೆಯಾಗಿ ಕೂತವರ ಬೆರಳು ಹೇಗಾಗುತ್ತದೆ ಎಂದು ನೇಜಿ ನೆಟ್ಟು ಗೊತ್ತಿರುವ ಯಾರನ್ನಾದರೂ ಕೇಳಿ. ಅದರಿಂದ ಯಾರೂ ಸಾಯಲಿಕ್ಕಿಲ್ಲ, ಆದರೆ ಬಕಲ್ ಹಾಕಲು, ಹಗ್ಗ ಹಿಡಿಯಲು, ಮಗುಚಿದ ಕಯಾಕನ್ನು ತಿರುಗಿಸಿ ಹತ್ತಲು ಬೇಕಾಗುವುದು ಅದೇ ಬೆರಳು. ಹಾಗಾಗಿ ಮಳೆಗಾಲಕ್ಕೆ ಬೇಗ ಒಣಗುವ ನೈಲಾನಿನ ಬಟ್ಟೆ, ಮೇಲೊಂದು ಗಾಳಿ ತಡೆಯುವ ತೆಳು ಕೋಟು, ಅಷ್ಟಾದರೆ ಆಯಿತು. ಲುಂಗಿ ಬೇಡ, ಕಾಲಿಗೆ ಸುತ್ತಿಕೊಳ್ಳುತ್ತದೆ. ತೋಟದ ಗಂಬೂಟು ಖಂಡಿತ ಬೇಡ, ನೀರು ತುಂಬಿದ ಮೇಲೆ ಅದನ್ನು ಕಾಲಿನಿಂದ ಕೀಳುವುದು ದಡದಲ್ಲೇ ಕಷ್ಟ.

ಈ ವಿಷಯ ಬಿಡುವ ಮೊದಲು ಒಂದು ಅಡ್ಡಮಾತು. ನಮ್ಮ ಈ ಮೂರು ತಾಲೂಕುಗಳ ಎಷ್ಟು ಮನೆಗಳ ಮಕ್ಕಳು ಈಗ ಟೊರಾಂಟೊ, ಡಬ್ಲಿನ್, ಗ್ಲಾಸ್ಗೊ ಕಡೆ ಇದ್ದಾರೆ! ಮೇ ತಿಂಗಳು ಬಂದು ಬಿಸಿಲು ಕಂಡರೆ ಸಾಕು, ಗೆಳೆಯರ ಜತೆ ಸರೋವರಕ್ಕೆ ಹೊರಡುತ್ತಾರೆ. ಹೊರಗೆ 22 ಡಿಗ್ರಿ, ಅಂಗಿ ತೆಗೆಯುವಂತಹ ಹವೆ. ಒಂಟಾರಿಯೊ ಸರೋವರದ ನೀರು ಆಗಲೂ 10 ಡಿಗ್ರಿಗಿಂತ ಕೆಳಗಿರುತ್ತದೆ. “ನಾನು ನೇತ್ರಾವತಿಯಲ್ಲಿ ಈಜಿದವನು” ಎಂಬ ಧೈರ್ಯ ಅಲ್ಲಿ ನಡೆಯುವುದಿಲ್ಲ. ಆ ನೀರಿಗೆ ಮೈ ಹೇಗೆ ಉತ್ತರಿಸುತ್ತದೆಂದು ನೇತ್ರಾವತಿ ಅವನಿಗೆ ಕಲಿಸಿಯೇ ಇಲ್ಲ. ಅಲ್ಲಿ ಬಟ್ಟೆ ತೊಡುವುದು ನೀರಿನ ಬಿಸಿಯನ್ನು ನೋಡಿ, ಬಿಸಿಲನ್ನು ನೋಡಿ ಅಲ್ಲ. ವೆಟ್‌ಸೂಟ್ ಬೇಕಾಗುವುದು ಅಲ್ಲಿ. ಫೋನಿನಲ್ಲಿ ಊಟವಾಯಿತಾ ಎಂದು ಕೇಳುವ ಹೊತ್ತಿಗೆ ಇದನ್ನೂ ಒಂದು ಸಲ ಹೇಳಿಬಿಡಿ.

“ನಮ್ಮವರು ಹುಟ್ಟು ಈಜುಗಾರರು, ಈಜು ಬಾರದವರಿಗೆ ಹೇಳಿ.” ಇದು ಎರಡನೆಯದು, ಹೆಚ್ಚಾಗಿ ಗಂಡಸರು ಹೇಳಿದ್ದು. ಹೊಳೆಬದಿಯವರ ಈಜಿನ ಬಗ್ಗೆ ನನಗೆ ಗೌರವ ಇದೆ. ಪಾಣೆಮಂಗಳೂರಿನ ಗೂಡಿನಬಳಿಯ ಯುವಕರು ಸೇತುವೆಯಿಂದ ಬಿದ್ದವರನ್ನು ಎಳೆದು ತರುವುದನ್ನು ಬಂಟ್ವಾಳದವರೆಲ್ಲ ಬಲ್ಲರು. ಆದರೆ ಅವರು ಹಾರುವುದು ತಾವೇ ತೀರ್ಮಾನಿಸಿ, ಉಸಿರು ತುಂಬಿಕೊಂಡು, ಎಲ್ಲಿ ಬೀಳಬೇಕೆಂದು ನೋಡಿಕೊಂಡು. ಕಯಾಕಿನಿಂದ ಬೀಳುವವನಿಗೆ ಈ ಮೂರೂ ಇರುವುದಿಲ್ಲ. ಅರ್ಧ ಮಾತಾಡುತ್ತ, ಫೋನಿನಲ್ಲಿ ಚಿತ್ರ ತೆಗೆಯುತ್ತ, ಬೆನ್ನಡಿಯಾಗಿ ಬೀಳುತ್ತಾನೆ. ಈಜು ನೆನಪಾಗುವುದು ಉಸಿರು ಸಿಕ್ಕ ಮೇಲೆ. ಆ ಉಸಿರು ಸಿಗುವ ತನಕ ತಲೆಯನ್ನು ನೀರಿನಿಂದ ಮೇಲೆ ಹಿಡಿಯುವುದಷ್ಟೇ ಜಾಕೆಟಿನ ಕೆಲಸ. ಆಮೇಲೆ ನೀವು ಈಜಿ, ಯಾರು ಬೇಡವೆಂದರು? ಈಜು ಬಾರದವನು ಹೇಗೂ ಹೆದರಿ ದಡದ ಹತ್ತಿರವೇ ಇರುತ್ತಾನೆ. ನಡುನೀರಿಗೆ ಹೋಗುವವನು ಬಲ್ಲವನೇ. ಅದಕ್ಕೇ ಈ ಮಾತು ಹೆಚ್ಚಾಗಿ ಅವನಿಗೇ ಹೇಳಬೇಕಾದದ್ದು.

ಅಮೆರಿಕದ ಕೋಸ್ಟ್ ಗಾರ್ಡ್ ಅಲ್ಲಿನ ದೋಣಿ ಅಪಘಾತಗಳ ಲೆಕ್ಕವನ್ನು ವರ್ಷ ವರ್ಷವೂ ಪ್ರಕಟಿಸುತ್ತದೆ. ಸತ್ತವರಲ್ಲಿ ಸುಮಾರು ಮುಕ್ಕಾಲು ಪಾಲು ಮುಳುಗಿ ಸತ್ತವರು. ಹಾಗೆ ಮುಳುಗಿದವರಲ್ಲಿ 100ಕ್ಕೆ 80ಕ್ಕಿಂತ ಹೆಚ್ಚು ಜನರ ಮೈಮೇಲೆ ಜಾಕೆಟ್ ಇರಲಿಲ್ಲ. ವರ್ಷದಿಂದ ವರ್ಷಕ್ಕೆ ಈ ಪ್ರಮಾಣ ಹೆಚ್ಚು ಕದಲುವುದೂ ಇಲ್ಲ. ಅವರೆಲ್ಲ ಈಜು ಬಾರದವರೇ ಆಗಿದ್ದರೆಂದು ನಂಬಲು ನನಗಾಗುವುದಿಲ್ಲ.

ಮೂರನೆಯ ಆಕ್ಷೇಪ ಆಕ್ಷೇಪವೇ ಅಲ್ಲ, ರಾಜಿ ಸೂತ್ರ: “ಜಾಕೆಟ್ ದೋಣಿಯಲ್ಲೇ ಇಟ್ಟಿರುತ್ತೇವೆ, ಬೇಕಾದಾಗ ಹಾಕಿಕೊಂಡರಾಯಿತಲ್ಲ.” ಹೆಲ್ಮೆಟನ್ನು ಮೊಣಕೈಗೆ ಸಿಕ್ಕಿಸಿಕೊಂಡು ಬೈಕು ಓಡಿಸುವವರನ್ನು ಬಿ.ಸಿ.ರೋಡಿನಲ್ಲಿ ದಿನವೂ ನೋಡುತ್ತೇವೆ. ಪೊಲೀಸರು ಕಂಡಾಗ ತಲೆಗೆ ಏರಿಸಲಾದರೂ ಅವರಿಗೆ ಹೊತ್ತಿರುತ್ತದೆ. ದೋಣಿ ಮಗುಚುವವನಿಗೆ ಅದೂ ಇಲ್ಲ. ನೀರಿನಲ್ಲಿ ತೇಲುತ್ತ ಜಾಕೆಟ್ ತೊಡಲು ಒಮ್ಮೆ ಪ್ರಯತ್ನಿಸಿ ನೋಡಿ, ಈಜುಕೊಳದಲ್ಲಿ, ಪಕ್ಕದಲ್ಲಿ ಯಾರಾದರೂ ಇರುವಾಗ. ಜಾಕೆಟ್ ತೇಲಿ ಮೇಲೆ ಹೋಗುತ್ತದೆ, ಕೈ ತೂತಿಗೆ ಸೇರುವುದಿಲ್ಲ, ಎದೆಯ ಪಟ್ಟಿ ಬೆನ್ನ ಹಿಂದೆ ಎಲ್ಲೋ ಇರುತ್ತದೆ. ಅಲುಗಾಡದ ನೀರಿನಲ್ಲೇ ಈ ಪಾಡು.

2019ರ ಜನವರಿ 21ರಂದು ಕಾರವಾರದ ಕೂರ್ಮಗಡದ ನರಸಿಂಹ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ತೀರಿಕೊಂಡರು. ದೋಣಿಯಲ್ಲಿ ಮಿತಿ ಮೀರಿ ಜನ. ಬಹುತೇಕರ ಮೈಮೇಲೆ ಜಾಕೆಟ್ ಇರಲಿಲ್ಲ. ಐದು ವರ್ಷ ಕಳೆದು, 2024ರ ಜನವರಿ 18ರಂದು, ವಡೋದರದ ಹರ್ಣಿ ಕೆರೆಯಲ್ಲಿ ಶಾಲಾ ಪ್ರವಾಸದ ದೋಣಿ ಮಗುಚಿತು. 12 ಮಕ್ಕಳು, 2 ಶಿಕ್ಷಕಿಯರು ಹೋದರು. ಅದು ಸಮುದ್ರವಲ್ಲ, ಊರ ನಡುವಿನ ಕೆರೆ. ಅಲ್ಲಿಯೂ ಜಾಕೆಟ್ ಕೆಲವೇ ಮಕ್ಕಳ ಮೈಮೇಲಿತ್ತು. ನಮ್ಮ ಕಡೆಯ ಶಾಲೆಗಳೂ ಪ್ರವಾಸಕ್ಕೆ ಹೋಗುತ್ತವೆ. ಸಾಲಿಗ್ರಾಮದ ಸೀತಾ ಹೊಳೆಯ ಕಾಂಡ್ಲಾ ಕಾಡಿನ ನಡುವೆ, ಮೂಲ್ಕಿಯ ಶಾಂಭವಿಯಲ್ಲಿ ಕಯಾಕಿಗೆ ಕೂರುವ ಮಕ್ಕಳಲ್ಲಿ ಮೂಡುಬಿದಿರೆಯ ಹಾಸ್ಟೆಲಿನವರೂ ಇದ್ದಾರೆ. ಕರೆದುಕೊಂಡು ಹೋಗುವ ಮೇಷ್ಟ್ರು, ಟೀಚರಮ್ಮಂದಿರಿಗೆ ಒಂದೇ ಪರೀಕ್ಷೆ ಹೇಳುತ್ತೇನೆ. ಮಗು ಜಾಕೆಟ್ ಕಟ್ಟಿಕೊಂಡು ನಿಂತ ಮೇಲೆ ಎರಡೂ ಭುಜದ ಪಟ್ಟಿಗಳನ್ನು ಹಿಡಿದು ಮೇಲಕ್ಕೆ ಎತ್ತಿ. ಜಾಕೆಟ್ ಗಲ್ಲ, ಕಿವಿ ದಾಟಿ ಮೇಲೆ ಬಂತೆಂದರೆ ಅದು ಆ ಮಗುವಿನ ಅಳತೆಯದ್ದಲ್ಲ. ನೀರಿಗೆ ಬಿದ್ದಾಗ ಜಾಕೆಟ್ ತೇಲುತ್ತದೆ, ಮಗು ಅದರಿಂದ ಜಾರಿ ಕೆಳಗೆ ಹೋಗುತ್ತದೆ. ಚಿಕ್ಕ ಮಕ್ಕಳ ಜಾಕೆಟಿಗೆ ತೊಡೆಯ ನಡುವೆ ಹಾಯುವ ಪಟ್ಟಿ ಇರಲೇಬೇಕು. ಮಕ್ಕಳ ಅಳತೆಯದ್ದು ಇಲ್ಲ ಎಂದರೆ ಆ ದಿನ ದಡದಲ್ಲೇ ಆಟ.

ನಾಲ್ಕನೆಯದಕ್ಕೆ ಸ್ವಲ್ಪ ಹೆಚ್ಚು ಜಾಗ ಬೇಕು. “ಮಳೆಗಾಲದಲ್ಲಿ ಹೊಳೆಗೆ ಇಳಿಯಬೇಡಿ ಅನ್ನಿ, ಒಪ್ಪುತ್ತೇವೆ. ಜನವರಿಯಿಂದ ಮೇ ತನಕ ಹೊಳೆ ಕೆರೆಯ ಹಾಗೆ ನಿಂತಿರುತ್ತದೆ. ಅದಕ್ಕೂ ಕಟ್ಟಳೆಯೇ?”

ಹೌದು, ನಿಂತಿರುತ್ತದೆ. ಯಾಕೆ ನಿಂತಿರುತ್ತದೆ? ಕಟ್ಟ ಇದೆ ಅಂತ. ತುಂಬೆಯ ಕಿಂಡಿ ಅಣೆಕಟ್ಟು ಮಂಗಳೂರು ನಗರದ ಕುಡಿಯುವ ನೀರಿಗೆ. ಅದರಲ್ಲಿ 6 ಮೀಟರ್ ನೀರು ನಿಲ್ಲಿಸಿದರೆ ಹಿನ್ನೀರು ಬಂಟ್ವಾಳದತ್ತ ಚಾಚುತ್ತದೆ. ಅದರ ಮೇಲೆ ಜಕ್ಕ್ರಿಬೆಟ್ಟಿನದ್ದು. ಇನ್ನೂ ಮೇಲೆ ಶಂಭೂರಿನಲ್ಲಿ ವಿದ್ಯುತ್ ಉತ್ಪಾದನೆಯ ಅಣೆಕಟ್ಟು. ಫಲ್ಗುಣಿಗೆ ಮೂಡುಬಿದಿರೆಗೆ ನೀರು ಕೊಡುವ ಪುಚ್ಚಮೊಗರಿನದ್ದು, ಕೆಳಗೆ ಮರವೂರಿನದ್ದು. ಇವು ದೊಡ್ಡವು. ಪಶ್ಚಿಮ ವಾಹಿನಿ ಯೋಜನೆ ಬಂದ ಮೇಲೆ ತೋಡು, ಹೊಳೆಗಳಿಗೆ ಕಟ್ಟಿದ ಸಣ್ಣ ಕಿಂಡಿ ಅಣೆಕಟ್ಟುಗಳ ಹೆಸರು ಹೇಳುತ್ತ ಕೂತರೆ ಮುಗಿಯದು. ಅಂತರ್ಜಲಕ್ಕೆ, ಅಡಿಕೆ ತೋಟಕ್ಕೆ ಅವು ಮಾಡಿದ ಉಪಕಾರ ದೊಡ್ಡದು. ಆದರೆ ಕಯಾಕಿನಲ್ಲಿ ಕೂತವನ ಕಣ್ಣಿನಿಂದ ಅವನ್ನು ನೋಡಿದವರು ಕಡಿಮೆ.

ಕಯಾಕಿನಲ್ಲಿ ಕೂತವನ ಕಣ್ಣು ನೀರಿನಿಂದ ಎರಡೂವರೆ ಅಡಿ ಮೇಲಿರುತ್ತದೆ. ಮೇಲಿನಿಂದ ಬರುವಾಗ ಅವನಿಗೆ ಕಾಣುವುದು ನುಣುಪಾದ ನೀರು, ಅದರಾಚೆ ಒಂದು ಗೆರೆ. ಹಲಗೆ ಹಾಕಿದ ಕಟ್ಟದ ಮೇಲಿಂದ ನೀರು ತೆಳ್ಳಗೆ ಉಕ್ಕಿ ಬೀಳುತ್ತಿದ್ದರೂ ಸದ್ದು ಕೆಳಗಡೆಗೆ ಹೋಗುತ್ತದೆ, ಅವನ ಕಿವಿಗೆ ಬರುವುದಿಲ್ಲ. ಒಂದೆರಡು ಕಿಂಡಿಯ ಹಲಗೆ ಎತ್ತಿದ್ದರೆ ಇನ್ನೂ ಕಷ್ಟ. ಮೇಲೆ ಏನೂ ಕಾಣುವುದಿಲ್ಲ, ಅಡಿಯಲ್ಲಿ ನೀರು ಅತ್ತ ಎಳೆಯುತ್ತಿರುತ್ತದೆ. ಆ ಎಳೆತಕ್ಕೆ ಸಿಕ್ಕ ಕಯಾಕು ಕಂಬಕ್ಕೆ ಅಡ್ಡವಾಗಿ ಅಂಟಿಕೊಳ್ಳುತ್ತದೆ, ನೀರಿನ ಭಾರ ಅದನ್ನು ಒತ್ತಿ ಹಿಡಿಯುತ್ತದೆ, ಕೂತವನು ನಡುವೆ.

ಕಟ್ಟದ ಕೆಳಗಿನ ಬದಿ ಇನ್ನೊಂದು ಬಗೆ. ಮೇಲಿಂದ ಬಿದ್ದ ನೀರು ತಳ ಮುಟ್ಟಿ ಮುಂದೆ ಹೋಗಿ ಮೇಲೆದ್ದು, ಒಂದಷ್ಟು ಹಿಂದಕ್ಕೇ ಹೊರಳುತ್ತದೆ. ನೋಡಲು ಅಲ್ಲೇನೂ ಅಬ್ಬರವಿಲ್ಲ, ಬಿಳಿ ನೊರೆ, ಮಕ್ಕಳು ಆಡಲು ಆಸೆಪಡುವಂತಹ ಜಾಗ. ಅದರೊಳಗೆ ಬಿದ್ದದ್ದನ್ನು ಆ ಹೊರಳು ಮತ್ತೆ ಕಟ್ಟದ ಬುಡಕ್ಕೆ ತಂದು, ಬೀಳುವ ನೀರಿನಡಿಗೆ ತಳ್ಳಿ, ಮತ್ತೆ ಎತ್ತಿ, ಮತ್ತೆ ತರುತ್ತದೆ. ತೆಂಗಿನಕಾಯಿ, ಮರದ ತುಂಡು ಗಂಟೆಗಟ್ಟಲೆ ಅಲ್ಲೇ ಸುತ್ತುವುದನ್ನು ನೀವು ನೋಡಿರಬಹುದು. ನೊರೆಯಲ್ಲಿ ಗಾಳಿ ಬೆರೆತಿರುವುದರಿಂದ ಅದು ಮೈಯನ್ನು ಎತ್ತಿ ಹಿಡಿಯುವುದೂ ಇಲ್ಲ. ಇಂತಹ ತಗ್ಗು ಕಟ್ಟಗಳನ್ನು ಅಮೆರಿಕದ ರಕ್ಷಣಾ ತಂಡಗಳವರು ಮುಳುಗಿಸುವ ಯಂತ್ರ ಎಂದೇ ಕರೆಯುತ್ತಾರೆ; ಕಾಪಾಡಲು ಹಾರಿದವರನ್ನೂ ಅವು ಬಿಟ್ಟಿಲ್ಲ.

ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಕಟ್ಟದ ಆ ಹೊರಳಿನಲ್ಲಿ ಜಾಕೆಟ್ ಕಾಪಾಡುತ್ತದೆಂದು ನಾನು ಮಾತು ಕೊಡಲಾರೆ. ಅಲ್ಲಿ ಕಾಪಾಡುವುದು ಒಂದೇ, ಅಲ್ಲಿಗೆ ಹೋಗದಿರುವುದು. ಕಟ್ಟಕ್ಕೆ ಬಹಳ ಮೊದಲೇ ದಡ ಸೇರಿ, ಕಯಾಕನ್ನು ಹೊತ್ತುಕೊಂಡು ನಡೆದು, ಬಹಳ ಕೆಳಗೆ ಮತ್ತೆ ಇಳಿಸಬೇಕು. ಕಟ್ಟದ ಮೇಲ್ಗಡೆ ಬಣ್ಣದ ತೇಲುಗುಂಡುಗಳ ಸಾಲು ಕಟ್ಟಿ, ನೀರಿನಿಂದಲೇ ಓದಲು ಆಗುವಂತಹ ಫಲಕ ಹಾಕಬೇಕಾದದ್ದು ಪಂಚಾಯತು ಮತ್ತು ಸಣ್ಣ ನೀರಾವರಿ ಇಲಾಖೆಯ ಕೆಲಸ. ರಸ್ತೆಗೆ ಮುಖ ಮಾಡಿ ನಿಲ್ಲಿಸಿದ “ಈಜುವುದು ಅಪಾಯಕಾರಿ” ಫಲಕಗಳು ಹೊಳೆಯಲ್ಲಿ ಬರುವವನಿಗೆ ಬೆನ್ನು ತೋರಿಸುತ್ತವೆ.

ಕಟ್ಟ ಇಲ್ಲದ ಕಡೆಯೂ ಬೇಸಿಗೆಯ ಹೊಳೆಯನ್ನು ಪೂರ್ತಿ ನಂಬುವ ಹಾಗಿಲ್ಲ. ಎಪ್ರಿಲ್, ಮೇ ತಿಂಗಳಲ್ಲಿ ಬಂಟ್ವಾಳದಲ್ಲಿ ಬಿಸಿಲು ಉರಿಯುತ್ತಿರುವಾಗಲೇ ಘಟ್ಟದ ಮೇಲೆ ಗುಡುಗುಮಳೆ ಹೊಡೆದಿರುತ್ತದೆ. ಚಾರ್ಮಾಡಿ ಕಡೆಯ ನೀರು ಮೃತ್ಯುಂಜಯ ಹೊಳೆಯಾಗಿ ಪಜಿರಡ್ಕದಲ್ಲಿ ನೇತ್ರಾವತಿ ಸೇರುತ್ತದೆ, ಶಿಶಿಲದಿಂದ ಕಪಿಲಾ, ಬೆಳ್ತಂಗಡಿ ಪೇಟೆಯ ಬಳಿ ಸೋಮಾವತಿ. 2019ರ ಆಗಸ್ಟಿನಲ್ಲಿ ಆ ಘಟ್ಟದ ಬುಡದ ಊರುಗಳಲ್ಲಿ ಕೆಲವೇ ಗಂಟೆಗಳೊಳಗೆ ಹೊಳೆ ತೋಟ, ಮನೆ, ಸೇತುವೆಗಳ ಮೇಲೆ ಹರಿದದ್ದು ಎಲ್ಲರಿಗೂ ನೆನಪಿದೆ. ಅದು ಮಳೆಗಾಲದ ಮಾತು, ಹೌದು. ಆದರೆ ಹೊಳೆ ಏರುವ ರೀತಿ ಬೇಸಿಗೆಯಲ್ಲೂ ಬೇರೆಯಲ್ಲ, ಪ್ರಮಾಣ ಮಾತ್ರ ಕಡಿಮೆ. ತಿಳಿನೀರು ಕೆಂಪಗಾಯಿತು, ಕಸಕಡ್ಡಿ ತೇಲಿಬಂತು ಎಂದರೆ ಮೇಲೆ ನೋಡಬೇಡಿ, ದಡಕ್ಕೆ ಹೋಗಿ. ನೀರಿಗೆ ಬಿದ್ದೇಬಿಟ್ಟರೆ ಮಲಗಿಕೊಂಡು, ಕಾಲನ್ನು ಹರಿವಿನ ಮುಂದಕ್ಕೆ ಚಾಚಿ ತೇಲಬೇಕು. ಹರಿಯುವ ನೀರಿನಲ್ಲಿ ಕಾಲೂರಿ ನಿಲ್ಲಲು ಹೋದರೆ ಪಾದ ಕಲ್ಲಿನ ಸಂದಿಗೆ ಸಿಗುತ್ತದೆ, ಹಿಂದಿನಿಂದ ನೀರು ಮೈಯನ್ನು ಮಗುಚಿಹಾಕುತ್ತದೆ. ಸೊಂಟದಷ್ಟು ನೀರಿನಲ್ಲಿ ಈಜು ಬಲ್ಲವರು ಹೋಗುವುದು ಹೀಗೆ. ಬೆಳ್ತಂಗಡಿಯ ಕಲ್ಲು ತುಂಬಿದ ಹೊಳೆಗಳಲ್ಲಿ ಜಾಕೆಟಿನ ಜತೆ ಹೆಲ್ಮೆಟ್ ಕೂಡ ಬೇಕೆನ್ನುವುದು ಇದೇ ಕಾರಣಕ್ಕೆ. ತುಂಬೆಯ ಹಿನ್ನೀರಿನಲ್ಲಿ ಹೆಲ್ಮೆಟ್ ಹಾಕಿಕೊಂಡು ಕೂತರೆ ನಾನೇ ನಗುತ್ತೇನೆ.

ಖರ್ಚಿನ ಆಕ್ಷೇಪಕ್ಕೆ ಹೆಚ್ಚು ಹೇಳುವುದಿಲ್ಲ. ಕಯಾಕಿಗೆ ಹತ್ತಾರು ಸಾವಿರ ಸುರಿದವರು ಜಾಕೆಟಿಗೆ ಚೌಕಾಸಿ ಮಾಡುವುದು ನನಗೆ ಅರ್ಥವಾಗಿಲ್ಲ. ಕೊಳ್ಳುವಾಗ ನೋಡಬೇಕಾದದ್ದು ಬಣ್ಣವಲ್ಲ, ಒಳಗೆ ಹೊಲಿದ ಚೀಟಿ. ಅದರಲ್ಲಿ ನ್ಯೂಟನ್ ಲೆಕ್ಕ ಇರುತ್ತದೆ. 50 ನ್ಯೂಟನ್ ಎಂದರೆ ಸುಮಾರು 5 ಕಿಲೊ ಎತ್ತುವ ಬಲ. ಈಜು ಬಲ್ಲ, ಎಚ್ಚರ ಇರುವ ಮನುಷ್ಯನ ತಲೆ ಮೇಲಿಡಲು ಸಾಕು, ತೋಳೂ ಸರಾಗವಾಗಿ ಆಡುತ್ತದೆ. ಈಜು ಬಾರದವರಿಗೆ 100 ನ್ಯೂಟನ್ನಿನ, ಕತ್ತಿನ ಹಿಂದೆ ಕಾಲರ್ ಇರುವುದು. ಅದು ಬೋರಲಾದವನ ಮುಖವನ್ನು ಮೇಲಕ್ಕೆ ತಿರುಗಿಸಲು ನೋಡುತ್ತದೆ. “ತೋಳಿಗೆ ತಡೆಯಾಗುತ್ತದೆ” ಎಂದ ಉತ್ಸಾಹಿಗಳು ತೊಟ್ಟು ನೋಡಿದ್ದು ಬಹುಶಃ ಪ್ರವಾಸಿ ದೋಣಿಗಳ ಆ ದಪ್ಪ ಕಿತ್ತಳೆ ಚೀಲವನ್ನು. ಹುಟ್ಟು ಹಾಕುವವರಿಗೆಂದೇ ಹೊಲಿದ, ತೋಳಿನ ಸುತ್ತ ಅಗಲ ಬಿಟ್ಟ ಜಾಕೆಟ್ ಬೇರೆಯೇ ಇದೆ. ಜಾಕೆಟಿಗೆ ಒಂದು ಸೀಟಿ ಕಟ್ಟಿಕೊಳ್ಳಿ. ಗಂಟಲು ಸೋತಾಗ ಅದು ಕೂಗುತ್ತದೆ. ಗುಂಪಿನಲ್ಲಿ ಒಬ್ಬರ ಬಳಿಯಾದರೂ ತೇಲುವ ಹಗ್ಗ ತುಂಬಿದ ಎಸೆಯುವ ಚೀಲ ಇರಲಿ, 15ರಿಂದ 20 ಮೀಟರಿನದ್ದು. ಈಜುಕೊಳದ ಗಾಳಿ ಬಳೆ, ಖಾಲಿ ಎಣ್ಣೆ ಕ್ಯಾನು ಇದಕ್ಕೆ ಬದಲಿಯಲ್ಲ.

“ಕಡವಿನ ದೋಣಿಯವರು ಮೂರು ತಲೆಮಾರು ಜಾಕೆಟ್ ಇಲ್ಲದೆ ದಾಟಿಸಲಿಲ್ಲವೇ?” ಎಂಬುದು ಮನಸ್ಸಿಗೆ ತಟ್ಟಿದ ಪ್ರಶ್ನೆ. ಅಜಿಲಮೊಗರು, ಕಡೇಶ್ವಾಲ್ಯದ ನಡುವೆ ಜನರನ್ನು ದಾಟಿಸಿದ ಕೈಗಳ ಮುಂದೆ ನನ್ನ ಪುಸ್ತಕದ ಮಾತು ಸಣ್ಣದು. ಆದರೆ ಕಡವಿನವರ ನಿಜವಾದ ರಕ್ಷೆ ಯಾವುದು ಎಂದು ನೋಡಿ. ಅಗಲ ಹೊಟ್ಟೆಯ, ಸುಲಭಕ್ಕೆ ಮಗುಚದ ದೋಣಿ. ದಿನವೂ ಅದೇ ನೂರಿನ್ನೂರು ಮಾರು ನೀರು, ಅದರ ಪ್ರತಿ ಸುಳಿಯೂ ಗೊತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಬೊಳ್ಳ, ಅಂದರೆ ನೆರೆ, ಬಂದ ದಿನ ದೋಣಿಯನ್ನು ಮರಕ್ಕೆ ಕಟ್ಟಿ “ಇವತ್ತಿಲ್ಲ” ಅನ್ನುವ ಧೈರ್ಯ. 1923ರ ಮಾರಿಬೊಳ್ಳದ ಕತೆಯನ್ನು ಅಜ್ಜಂದಿರಿಂದ ಕೇಳಿ, 1974ರದ್ದನ್ನು ಕಣ್ಣಾರೆ ಕಂಡವರ ಧೈರ್ಯ ಅದು. ವಾರಾಂತ್ಯಕ್ಕೆ ಬೆಂಗಳೂರಿನಿಂದ ಬಂದು, ಕೋಣೆ ಕಾದಿರಿಸಿ, ನೆಲದಲ್ಲಿ ನಡೆದಷ್ಟೇ ಸಲೀಸಾಗಿ ಮಗುಚುವ ಪ್ಲಾಸ್ಟಿಕ್ ಕಯಾಕಿನಲ್ಲಿ ಕೂರುವವನ ಹತ್ತಿರ ಈ ಮೂರರಲ್ಲಿ ಒಂದೂ ಇಲ್ಲ. ಇರುವುದು ಎದೆಗೆ ಕಟ್ಟಿಕೊಳ್ಳಬಹುದಾದ ಒಂದು ವಸ್ತು ಮಾತ್ರ. ಮತ್ತೆ, ಕಡವಿನಲ್ಲಿ ಹೋದವರು ಯಾರೂ ಇಲ್ಲವೆಂದೇನೂ ಅಲ್ಲ. ಅವರು ಈ ಚರ್ಚೆಗೆ ಬಂದು ತಮ್ಮ ಅನುಭವ ಹೇಳಲಾರರು, ಅಷ್ಟೇ.

“ಕಡ್ಡಾಯ ಅಂದರೆ ಅಧಿಕಾರಿಗಳಿಗೆ ಇನ್ನೊಂದು ವಸೂಲಿ ದಾರಿ. ಇದೀಗ ಚಿಗುರುತ್ತಿರುವ ಜಲಕ್ರೀಡೆಯನ್ನು ನೀವೇ ಕೊಲ್ಲುತ್ತೀರಿ” ಎಂದವರ ಆತಂಕ ನನ್ನದೂ ಹೌದು. 2019ರ ಜನವರಿಯಲ್ಲಿ ಮಂಗಳೂರಿನಲ್ಲಿ ಫಲ್ಗುಣಿಯ ಮೇಲೆ ನದಿ ಉತ್ಸವ ನಡೆದಾಗ, ಹೊಳೆಗೆ ಬೆನ್ನು ಹಾಕಿ ಮನೆ ಕಟ್ಟಿದ ಊರು ಮೊದಲ ಬಾರಿ ಅದರತ್ತ ತಿರುಗಿ ಕೂತ ಹಾಗೆ ಅನ್ನಿಸಿತ್ತು. ಆ ಉತ್ಸಾಹ ವೇಣೂರಿನ ತನಕ, ಧರ್ಮಸ್ಥಳದ ತನಕ ಹೊಳೆಯಲ್ಲೇ ಮೇಲಕ್ಕೆ ಬರಲಿ ಎಂದು ಬಯಸುವವರಲ್ಲಿ ನಾನೂ ಒಬ್ಬ. ಆದರೆ ಕ್ರೀಡೆಯನ್ನು ಕೊಲ್ಲುವುದು ಏನೆಂದು ನಮಗೆ ಗೊತ್ತಿಲ್ಲವೇ? ಒಂದು ಸಾವು. ಮರುದಿನ ಜಿಲ್ಲಾಡಳಿತದ ಆದೇಶ, ಮುಂದಿನ ಸೂಚನೆಯ ತನಕ ಎಲ್ಲ ಜಲಕ್ರೀಡೆ ಬಂದ್. ಜಾಕೆಟ್ ಕಟ್ಟಿಸಿದವನ ಅಂಗಡಿಯೂ ಕಟ್ಟಿಸದವನ ಅಂಗಡಿಯೂ ಒಟ್ಟಿಗೆ ಮುಚ್ಚುತ್ತವೆ. ಕೋಯಿಕ್ಕೋಡ್ ಜಿಲ್ಲೆಯ ಕೋಡಂಚೇರಿಯಲ್ಲಿ 2013ರಿಂದ ಮಲಬಾರ್ ರಿವರ್ ಫೆಸ್ಟಿವಲ್ ನಡೆಯುತ್ತಿದೆ, ಅದೂ ನಡು ಮಳೆಗಾಲದಲ್ಲಿ, ನಮ್ಮದೇ ಪಶ್ಚಿಮಘಟ್ಟದ ತೊರೆಗಳಲ್ಲಿ. ದೇಶವಿದೇಶದ ಪಳಗಿದವರು ಬರುತ್ತಾರೆ. ಜಾಕೆಟ್, ಹೆಲ್ಮೆಟ್ ಇಲ್ಲದೆ ಅವರಲ್ಲಿ ಒಬ್ಬನೂ ನೀರಿಗಿಳಿಯುವುದಿಲ್ಲ, ಅದರಿಂದ ಅವರ ಗಂಡಸುತನಕ್ಕೇನೂ ಕುಂದು ಬಂದದ್ದು ಕಾಣೆ.

ವಸೂಲಿಯ ಮಾತಿಗೆ ಉತ್ತರ ಬೇರೆ. ನಾವು ಕೇಳುತ್ತಿರುವುದು ಹೊಳೆಬದಿಯಲ್ಲಿ ಪೊಲೀಸರನ್ನು ನಿಲ್ಲಿಸಿ ಎಂದಲ್ಲ. 2021ರ ಒಳನಾಡು ನೌಕೆಗಳ ಕಾಯ್ದೆ ಯಂತ್ರವಿಲ್ಲದ ದೋಣಿಗಳ ಹೊಣೆಯನ್ನು ಸ್ಥಳೀಯ ಸಂಸ್ಥೆಗಳಿಗೆ ಒಪ್ಪಿಸಲು ರಾಜ್ಯಗಳಿಗೆ ಅವಕಾಶ ಕೊಟ್ಟಿದೆ. ಬಾಡಿಗೆಗೆ ಕೊಡುವವರಿಗೆ ಪಂಚಾಯತು ಪರವಾನಗಿ ಕೊಡುವಾಗ ಎಷ್ಟು ಕಯಾಕ್ ಇದೆಯೋ ಅಷ್ಟು ಜಾಕೆಟ್, ಮಕ್ಕಳ ಅಳತೆಯದ್ದು ಬೇರೆ, ಎಸೆಯುವ ಹಗ್ಗ, ಮೇಲಿನ ಕಟ್ಟದ ನೀರು ಬಿಡುವವರ ದೂರವಾಣಿ ಸಂಖ್ಯೆ ಇಷ್ಟನ್ನು ನೋಡಲಿ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ಶೌರ್ಯ ವಿಪತ್ತು ನಿರ್ವಹಣಾ ಘಟಕದ ಸ್ವಯಂಸೇವಕರು ಊರೂರಲ್ಲಿದ್ದಾರೆ. ಮಳೆ ಬರುವ ಮೊದಲು, ಪತ್ತನಾಜೆಯ ಹೊತ್ತಿಗೆ, ಬಾಡಿಗೆಯವರಿಗೂ ಊರ ಯುವಕರಿಗೂ ಒಂದು ದಿನದ ಹಗ್ಗ ಎಸೆಯುವ ತರಬೇತಿ ಕೊಡಲು ಅವರಿಗಿಂತ ತಕ್ಕವರು ಬೇಕೆ?

ಇನ್ನೊಂದು ದಿಕ್ಕಿನಿಂದಲೂ ಆಕ್ಷೇಪ ಬಂದಿದೆ, ನೀವು ಕೇಳಿದ್ದು ಸಾಲದು ಎಂದು. ಮೂಲ್ಕಿ, ಸಸಿಹಿತ್ಲು ಕಡೆ ನಿಂತು ಹುಟ್ಟುಹಾಕುವ ಹಲಗೆಯವರು ಕಾಲಿಗೆ ಲೀಶ್ ಕಟ್ಟಿಕೊಳ್ಳುತ್ತಾರಲ್ಲ, ಅದನ್ನೂ ನಮ್ಮ ಹೊಳೆಗಳಲ್ಲಿ ಕಡ್ಡಾಯ ಮಾಡಿ ಅನ್ನುತ್ತಾರೆ. ಅಳಿವೆಯಲ್ಲಿ, ಕಡಲಿನಲ್ಲಿ ಆ ಬಳ್ಳಿ ಸರಿ. ಗಾಳಿಗೆ ಹಲಗೆ ಕೈತಪ್ಪಿ ಹೋಗದ ಹಾಗೆ ಹಿಡಿದಿಡುತ್ತದೆ. ನೇತ್ರಾವತಿಯ ಹರಿಯುವ ನೀರಿನಲ್ಲಿ ಅದೇ ಬಳ್ಳಿ ಬೇರೆ ಕೆಲಸ ಮಾಡುತ್ತದೆ. ಹಲಗೆ ಬಂಡೆಯ ಒಂದು ಬದಿಗೆ, ಮನುಷ್ಯ ಇನ್ನೊಂದು ಬದಿಗೆ ಹೋದನೆಂದರೆ ಕಾಲಿನ ಬಳ್ಳಿ ಬಿಗಿದು ಅವನನ್ನು ಅಲ್ಲೇ ನಿಲ್ಲಿಸುತ್ತದೆ, ನೀರು ತಲೆಯ ಮೇಲೆ ಹಾಯುತ್ತದೆ. ಆ ಸೆಳೆತದಲ್ಲಿ ಬಗ್ಗಿ ಪಾದದ ಗಂಟು ಬಿಚ್ಚುವುದು ಯಾರಿಂದಲೂ ಆಗದು. ಬಿದಿರ ಹಿಂಡಿಲಿನ ಬೇರು, ತೋಟದ ಪಂಪಿನ ಪೈಪು, ಹೊಯ್ಗೆ ತೆಗೆಯುವವರು ನೆಟ್ಟುಬಿಟ್ಟ ಗೂಟ, ಸಿಕ್ಕಿಕೊಳ್ಳಲು ನಮ್ಮ ಹೊಳೆಯಲ್ಲಿ ಏನೇನಿಲ್ಲ! ಲೀಶ್ ಬೇಕೇಬೇಕು ಅನ್ನುವವರು ಸೊಂಟದ ಬೆಲ್ಟಿಗೆ ಕಟ್ಟುವ, ಒಂದೇ ಎಳೆತಕ್ಕೆ ಕಳಚುವ ಬಗೆಯದ್ದನ್ನು ತಂದು, ಕಣ್ಣು ಮುಚ್ಚಿ, ಎಡಗೈಯಲ್ಲಿ ಒಮ್ಮೆ, ಬಲಗೈಯಲ್ಲಿ ಒಮ್ಮೆ ಕಳಚಿ ತೋರಿಸಲಿ. ಅಲ್ಲಿಯ ತನಕ ತುಂಬೆಯಿಂದ ಮೇಲೆ ಕಾಲಿಗೆ ಬಳ್ಳಿ ಬೇಡ.